ಮೂರು ಸುತ್ತು

ಬಸೂನೆಂಬ ಉದ್ದನೆಯ ಕೊಳವೆವಾದ್ಯ ಗೊಗ್ಗರು ದನಿಯಲ್ಲಿ ನಕ್ಕ ತಕ್ಷಣ ಗ್ಲೆಬ್ ಕನ್ನಡಕ ತೆಗೆದು, ಟೈ ತುದಿಯಿಂದ ಮೂರು ಸುತ್ತು ಉಜ್ಜಿದ. ಬ್ಯಾಲೆಯಲ್ಲಿ ಯಂತ್ರ ಕೆಡಿಸುವ ದ್ರೋಹಿ ಇಂಜಿನಿಯರನ ಪಾತ್ರ ಅವನದು. ಈ ಆಟ ತಮಗೆ ಒಪ್ಪಿಗೆಯೋ ಇಲ್ಲವೋ ಎಂದು ಹೇಳಲು ಬಂದಿದ್ದ ಲೆನಿನ್‌ಗ್ರಾದಿನ ಕಾರ್ಖಾನೆ ಕೆಲಸಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ, ಇದು ನಮ್ಮ ಅದಾಮ್ ಕರ್ಲೋವಿಚ್ ಕಣ್ರೋ! ಥೇಟ್ ಅವರೇ!" ಹಿಂದಿನಿಂದ ಹೆಂಗಸೊಬ್ಬಳು ಕೂಗಿದಳು.

"ಹೋದ ತಿಂಗ್ಳು ಲೇತ್ ಯಂತ್ರ ಯಾಕೆ ಕೆಟ್ಟಿತ್ತು ಅಂತ ಈಗ ಗೊತ್ತಾಯ್ತು ಬಿಡಿ, ಕಾಮ್ರೇಡ್," ಎಂದಿತು ಇನ್ನೊಂದು ದನಿ. ಅದಕ್ಕೆ ಯಾರೂ ನಗಲಿಲ್ಲ. ಅಂಥ ಒಂದು ಮಾತಿಗೇ ಜನ ಪೊಲೀಸರ ಕೈಸೇರಿ ಮಾಯವಾಗುತ್ತಿದ್ದ ಕಾಲ.

ಗ್ಲೆಬ್ ಗಬಕ್ಕನೆ ಕನ್ನಡಕ ಹಾಕಿಕೊಂಡ. ಪಾತ್ರ ಕಲಿಯಲೆಂದು ಕಾರ್ಖಾನೆಗೆ ಹೋದ ದಿನಗಳಲ್ಲಿ ಅಲ್ಲಿನ ಮುದಿ ಇಂಜಿನಿಯರ್ ಅದಾಮ್ ಕರ್ಲೋವಿಚ್ ತಮ್ಮ ಸಕ್ಕರೆ ತುಂಡನ್ನು ಮುರಿದು ಅರ್ಧ ಅವನ ಚಹಾಕ್ಕೆ ಕೊಡುತ್ತಿದ್ದರು. "ಏನ್ ಬೇಕಾದ್ರೂ ನೋಡ್ಕೊಂಡು ಹೋಗು ತಮ್ಮಾ," ಎಂದಿದ್ದರು. ಅವನು ನೋಡಿಕೊಂಡಿದ್ದ, ಅವರು ಕನ್ನಡಕ ಉಜ್ಜುವ ಆ ಮೂರು ಸುತ್ತನ್ನೂ. ಈಗ ಅವರು ಮೂರನೇ ಸಾಲಿನಲ್ಲಿದ್ದರು. ಅಕ್ಕಪಕ್ಕದವರು ಆಗಲೇ ಕೊಂಚ ಸರಿದು ಕೂತಿದ್ದರು.

ಅದೇ ರಾಗ ಮತ್ತೊಮ್ಮೆ ಬರಲಿತ್ತು. ಈ ಸಲ ಕನ್ನಡಕ ಮುಟ್ಟುವುದೇ ಇಲ್ಲ, ಜನ ಮರೆತುಬಿಡಲಿ, ಎಂದುಕೊಂಡ. ಬಸೂನು ನಕ್ಕಿತು. ಗ್ಲೆಬ್ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಹಿಡಿದು ನಿಂತ. ವೇದಿಕೆಯಲ್ಲಿ ನೋಡಲು ಏನೂ ಇಲ್ಲದೆ ಎಲ್ಲರ ಕಣ್ಣು ಮೂರನೇ ಸಾಲಿಗೆ ಹೊರಳಿತು. ಅಷ್ಟು ಕಣ್ಣುಗಳಿಗೆ ಗಾಬರಿಬಿದ್ದ ಅದಾಮ್ ಕರ್ಲೋವಿಚ್, ಹಳೆಯ ಅಭ್ಯಾಸದಂತೆ ಕನ್ನಡಕ ತೆಗೆದು ಟೈ ತುದಿಯಿಂದ ಉಜ್ಜತೊಡಗಿದರು. ಒಂದು ಸುತ್ತು, ಎರಡು, ಮೂರು. ಬಸೂನಿಗೆ ಸರಿಯಾಗಿ.