ಅಧ್ಯಕ್ಷರ ಮೂಲಕ

"ಉಪವಾಸದಿಂದ ನಮಗೇನು ಪ್ರಯೋಜನ?" ನಿಶ್ಮಿತಾ ಪಾಠಪುಸ್ತಕದ ಕೊನೆಯ ಪ್ರಶ್ನೆಯನ್ನು ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು.

ದಯಾನಂದ ಸೋನ್ಸ್ ಎದ್ದು ನಿಂತರು. ವಾಗ್ಳೆ ಎಸ್ಟೇಟಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಮಾತಿಗೆ ಮುಂಚೆ ಎದುರಿನ ಕುರ್ಚಿ ಅಲ್ಲಾಡುತ್ತದೆಯೇ ಎಂದು ಮುಟ್ಟಿ ನೋಡುತ್ತಿದ್ದರು. "ಅಧ್ಯಕ್ಷರೇ, ಉಪವಾಸ ಒಳ್ಳೆಯದೇ. ಆದ್ರೆ ಸಕ್ಕರೆ ಕಾಯಿಲೆಯವರು ಬೆಳಗ್ಗಿನ ಮಾತ್ರೆ ಬಿಡ್ಬಾರ್ದು. ನಿನ್ನೆಯದ್ದು ಡಬ್ಬಿಯಲ್ಲೇ ಉಂಟು."

ಆಚೆ ಸಾಲಿನಿಂದ ಅವರ ಹೆಂಡತಿ ಪ್ರಫುಲ್ಲಾ ಎದ್ದರು. "ಅಧ್ಯಕ್ಷರೇ, ಉಪವಾಸ ಬಾಯಿಗೆ ಮಾತ್ರ ಅಲ್ಲ, ಕಣ್ಣಿಗೂ ಬೇಕು. ಇನ್ನೊಬ್ಬರ ಡಬ್ಬಿ ತೆಗೆದು ನೋಡುವುದೆಂತದ್ದು? ಡಾಕ್ಟ್ರು ಮಾತ್ರೆ ಬದಲಿಸಿದ್ದಾರೆ. ಹೊಸದು ಫ್ರಿಜ್ ಮೇಲೆ ಉಂಟು."

ದಯಾನಂದರು ಕುಳಿತರು. ಮುಖದಲ್ಲಿ ಏನೋ ಸಡಿಲವಾಯಿತು. ನಿಶ್ಮಿತಾ ವರದಿ ಪುಸ್ತಕದಲ್ಲಿ 'ಉಪವಾಸ: ಕಣ್ಣಿಗೂ ಬೇಕು' ಎಂದು ಬರೆದುಕೊಂಡಳು.

ಡೊಂಬಿವಲಿಯ ಕನ್ನಡ ಚರ್ಚಿನಲ್ಲಿ ಬುಧವಾರ ಸಂಜೆ ನಡೆಯುವ ವಯಸ್ಕರ ಅಧ್ಯಯನ ಕೂಟಕ್ಕೆ ಒಂದು ಹಳೆಯ ನಿಯಮವಿತ್ತು. ಹಿಂದೊಮ್ಮೆ ಇಬ್ಬರು ಹಿರಿಯರು ಕ್ಷಮೆಯ ಪಾಠದಲ್ಲಿ ಕೈಕೈ ಮಿಲಾಯಿಸಿದ್ದರಿಂದ, ಯಾರೂ ಯಾರೊಡನೆಯೂ ನೇರವಾಗಿ ಮಾತಾಡುವಂತಿಲ್ಲ. ಏನಿದ್ದರೂ ಅಧ್ಯಕ್ಷರಿಗೆ ಹೇಳಬೇಕು. ಈಗ ಅಧ್ಯಕ್ಷೆ ಎಂದರೆ ತುರ್ಭೆಯ ಲ್ಯಾಬೊಂದರಲ್ಲಿ ಕೆಲಸ ಮಾಡುವ, ಇಪ್ಪತ್ತಾರು ವಯಸ್ಸಿನ ನಿಶ್ಮಿತಾ. ಸದಸ್ಯರು ಮೂವರು. ಮೂರನೆಯವನು ಎದುರಿನ ಉಡುಪಿ ಹೋಟೆಲಿನ ಚೆನ್ನಯ. ಅವನು ಕ್ರೈಸ್ತನಲ್ಲ. ಚಾದ ಕೆಟಲ್ ತಂದವನನ್ನು, ನಾಲ್ಕು ಜನರಿಲ್ಲದಿದ್ದರೆ ಹಾಲ್ ಸಿಗುವುದಿಲ್ಲವೆಂದು, ಒಂದು ದಿನ ಕೂರಿಸಿಕೊಂಡಿದ್ದರು. ಅವನು ಹಾಗೇ ಉಳಿದುಬಿಟ್ಟ.

"ಪುಸ್ತಕ ಮುಗೀತು," ಎಂದಳು ನಿಶ್ಮಿತಾ. "ಮೂವತ್ತಾರೂ ಪಾಠ ಆಯ್ತು. ಮುಂದಿನ ಬುಧವಾರದಿಂದ ಹಾಲ್ ಕರಾಟೆ ಕ್ಲಾಸಿಗೆ. ಥ್ಯಾಂಕ್ಯೂ ಎಲ್ಲರಿಗೂ."

ಯಾರೂ ಏಳಲಿಲ್ಲ.

"ಮುಗೀತು ಅಂದ್ರೆ?" ದಯಾನಂದರು ಎದ್ದು ನಿಲ್ಲುವುದನ್ನೂ ಮರೆತಿದ್ದರು.

"ಅಧ್ಯಕ್ಷರೇ," ಎಂದರು ಪ್ರಫುಲ್ಲಾ, ಕುಳಿತಲ್ಲಿಂದಲೇ. "ಮಳೆಗಾಲಕ್ಕೆ ಮುಂಚೆ ಕಿಟಕಿಗೆ ಪ್ಲಾಸ್ಟಿಕ್ ಕಟ್ಟಿಸ್ಬೇಕು. ಅದು ಇನ್ನು ಯಾವ ಪಾಠದಲ್ಲಿ ಬರ್ತದೆ?"

ನಿಶ್ಮಿತಾ ಚೆನ್ನಯನನ್ನು ಕೆಟಲ್ ಸಮೇತ ವರಾಂಡಕ್ಕೆ ಕರೆದಳು. "ಅಂಕಲ್, ಘರ್ ಪೆ ಬಾತ್ ನಹೀ ಕರ್ತೇ ಕ್ಯಾ ಯೇ ಲೋಗ್?"

"ನಾಲ್ಕು ವರ್ಷ ಆಯ್ತು ಮಾರಾಯ್ತಿ, ಮನೆಯಲ್ಲಿ ಒಂದಕ್ಷರ ಮಾತಿಲ್ಲ. ಠಾಣೆ ರೈಲ್ವೆ ಸ್ಟೇಷನ್ನಲ್ಲಿ ಗಂಡ ಫಾಸ್ಟ್ ಲೋಕಲ್ ಅಂದ್ರು, ಹೆಂಡತಿ ಸ್ಲೋ ಅಂದ್ರು. ಅವರವರ ಗಾಡಿ ಹತ್ತಿದ್ರು. ಮನೆಗೆ ಬಂದ್ಮೇಲೆ 'ಮುಟ್ಟಿದ್ಯಾ, ಸರಿಯಾಗಿ ಬಂದ್ಯಾ' ಅಂತ ಮೊದಲು ಕೇಳ್ಬೇಕಾದ್ದು ಯಾರು? ಅದಿನ್ನೂ ತೀರ್ಮಾನ ಆಗ್ಲಿಲ್ಲ."

"ನಿಮ್ಗೆ ಯಾರು ಹೇಳಿದ್ದು?"

"ಇಬ್ಬರೂ. ಬೇರೆ ಬೇರೆ ಟೇಬಲಲ್ಲಿ." ಚೆನ್ನಯ ಅವಳಿಗೊಂದು ಚಾ ಬಗ್ಗಿಸಿದ. "ಮಗಳ ಮದುವೆ ಮಾತುಕತೆ ಮುಗಿದದ್ದು ಆತಿಥ್ಯದ ಪಾಠದಲ್ಲಿ. ನೀನೇ ಬರ್ಕೊಂಡದ್ದಲ್ವ, ನಾಲ್ನೂರು ಪ್ಲೇಟು ಸಾಕು ಅಂತ?"

ಬರೆದುಕೊಂಡಿದ್ದಳು. ಅದರಲ್ಲೇನೋ ಗೂಢಾರ್ಥವಿದೆಯೆಂದು ಒಂದು ವಾರ ಲೋಕಲ್ ರೈಲಿನಲ್ಲಿ ನಿಂತು ಯೋಚಿಸಿಯೂ ಇದ್ದಳು.

ಒಳಗೆ ಬಂದು ಕಪಾಟು ತೆರೆದಳು. ಉಳಿದಿದ್ದದ್ದು ಒಂದೇ ಕಟ್ಟು: 'ವಿವಾಹಕ್ಕೆ ಸಿದ್ಧತೆ, ನಿಶ್ಚಿತಾರ್ಥವಾದವರಿಗೆ ಆರು ಪಾಠಗಳು.' ಇದಕ್ಕೆ ಇಬ್ಬರಿದ್ದರೆ ಸಾಕು. ಚರ್ಚಿನ ನಿಯಮದ ಪ್ರಕಾರ ಮದುವೆಯ ಪಾಠವಿರುವಾಗ ಕರಾಟೆ ಕಾಯಬೇಕು.

"ಇದು ನಿಮಗೆ..." ಎಂದು ಶುರುಮಾಡಿದಳು.

"ಫಾರ್ಮ್ ಕೊಡಿ ಅಧ್ಯಕ್ಷರೇ," ಎಂದರು ದಯಾನಂದರು.

'ವರ' ಎಂಬಲ್ಲಿ ಅವರು ದುಂಡಗಿನ ಅಕ್ಷರದಲ್ಲಿ ಹೆಸರು ಬರೆದು ಪೆನ್ನನ್ನು ನಿಶ್ಮಿತಾಳಿಗೆ ಕೊಟ್ಟರು. ಅವಳು ಅದನ್ನು ಪ್ರಫುಲ್ಲಾರಿಗೆ ಕೊಟ್ಟಳು. ಪ್ರಫುಲ್ಲಾ 'ವಧು' ಎಂಬುದರ ಮೇಲೆ ಸ್ವಲ್ಪ ಹೊತ್ತು ಪೆನ್ನು ನಿಲ್ಲಿಸಿ, ಆಮೇಲೆ ಬರೆದರು. ವಿಳಾಸದ ಎರಡು ಖಾನೆಗಳಲ್ಲೂ ಒಂದೇ ಫ್ಲಾಟ್ ನಂಬರು ಬಂತು. 'ಸಾಕ್ಷಿ' ಎಂಬಲ್ಲಿ ಚೆನ್ನಯ ಸಹಿ ಹಾಕಿ, ಮರೆಯದೆ ಹೋಟೆಲಿನ ರಬ್ಬರ್ ಸ್ಟ್ಯಾಂಪನ್ನೂ ಒತ್ತಿದ.

ಮುಂದಿನ ಬುಧವಾರ ದಯಾನಂದರು ಇಸ್ತ್ರಿ ಹಾಕಿದ ಶರ್ಟಿನಲ್ಲಿ ಬಂದರು. ಪ್ರಫುಲ್ಲಾ ಐದು ನಿಮಿಷ ತಡವಾಗಿ, ಬೇರೆ ರಿಕ್ಷಾದಲ್ಲಿ ಬಂದರು. ನಿಶ್ಮಿತಾ ಮೊದಲ ಪುಟ ಓದಿದಳು: "ನಿಮ್ಮ ಸಂಗಾತಿಯನ್ನು ಕೇಳಬೇಕೆಂದು ಇಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡ ಒಂದು ಪ್ರಶ್ನೆಯನ್ನು ಈಗ ಕೇಳಿರಿ. ಸೂಚನೆ: ಪಾಠ ನಡೆಸುವವರು ಹತ್ತು ನಿಮಿಷ ಹೊರಗಿರತಕ್ಕದ್ದು."

ಅವಳು ಪುಸ್ತಕ ಮುಚ್ಚಿ ಹೊರಗೆ ಹೋದಳು. ಬಾಗಿಲು ತಾನಾಗಿಯೇ ಹಿಂದಕ್ಕೆ ಬಂದು ಅರ್ಧದಲ್ಲಿ ನಿಂತಿತು.

ದಯಾನಂದರು ಕುರ್ಚಿಯನ್ನು ಮುಟ್ಟಿ ನೋಡಿದರು. ಅದು ಅಲ್ಲಾಡಲಿಲ್ಲ. ಮತ್ತೊಮ್ಮೆ ಮುಟ್ಟಿದರು. ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಅದು ಸ್ಟಾರ್ಟ್ ಆಗಿ ಹೊರಟುಹೋಯಿತು. ನೆಲ ನೋಡುತ್ತಾ ಕೇಳಿದರು.

"ಆ ಸ್ಲೋ ಎಷ್ಟು ಗಂಟೆಗೆ ಮುಟ್ಟಿತು?"

ಪ್ರಫುಲ್ಲಾ ಎದ್ದು ನಿಂತರು. ಸೆರಗು ಸರಿಮಾಡಿಕೊಂಡು, ನಿಶ್ಮಿತಾಳ ಖಾಲಿ ಕುರ್ಚಿಯ ಕಡೆಗೆ ತಿರುಗಿದರು.

"ಅಧ್ಯಕ್ಷರೇ," ಎಂದರು, "ಏಳು ನಲ್ವತ್ತಕ್ಕೆ. ಅವರ ಫಾಸ್ಟ್ ಇನ್ನೂ ಬಂದಿಲ್ಲ ಅಂದ್ಕೊಂಡು ನಾನು ಪ್ಲಾಟ್‌ಫಾರ್ಮಲ್ಲಿ ಎರಡು ಚಾ ತಗೊಂಡು ನಿಂತಿದ್ದೆ ಅಂತ ಅವರಿಗೆ ಹೇಳಿ."