ಎರಡು ಎಡತೋಳು

ವಕೀಲರ ಕರಿ ಕೋಟಿಗೆಂದು ಕತ್ತರಿಸಿಟ್ಟಿದ್ದ ತೋಳುಗಳೆರಡೂ ಎಡಗೈಯವೇ ಆಗಿದ್ದವು. ಟೈಲರ್ ಅವನ್ನು ಮೇಜಿನ ಮೇಲೆ ಜೋಡಿಸಿ ನೋಡಿದ, ಮಗುಚಿ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗದೆ, "ತಪ್ಪು ನನ್ನದೇ ಕಣೆ. ನಾನೇ ಕತ್ತರಿಸಿದ್ದು," ಎಂದ.

ಹೆಂಡತಿಗೆ ಹೆದರಿಕೆಯಾಯಿತು. ತಾನು ಮಧ್ಯಾಹ್ನ ಮಲಗಿದ್ದಾಗ ಕತ್ತರಿಸಿರಬೇಕು ಎಂದುಕೊಂಡಳು. ಹೆದರಿಕೆ ಬಟ್ಟೆ ಹಾಳಾಯಿತೆಂದಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಆ ಬಾಯಿಂದ 'ತಪ್ಪು ನನ್ನದು' ಎಂಬ ಮಾತು ಒಮ್ಮೆಯೂ ಉದುರಿರಲಿಲ್ಲ. ಸಾಲದ್ದಕ್ಕೆ ವರ್ಷಕ್ಕೊಮ್ಮೆ ತಪ್ಪದೆ ಬರುವ ನೀರುಗುಳ್ಳೆ ಅವನ ತುಟಿಯ ಮೇಲೆ ಎದ್ದು ಕೂತಿತ್ತು. ಹೋದ ವಾರವಷ್ಟೇ ಅವಳು ಪತ್ರಿಕೆಯಲ್ಲಿ ಓದಿದ್ದಳು: ಈ ಗುಳ್ಳೆಯ ವೈರಾಣು ಹಾಸಿಗೆ ಸಮೇತ ಬಂದ ನೆಂಟನ ಹಾಗೆ, ಒಮ್ಮೆ ಮೈ ಹೊಕ್ಕರೆ ಸಾಯುವ ತನಕ ನರದೊಳಗೆ ಅಡಗಿ ಕೂರುತ್ತದೆ, ಅದಕ್ಕೂ ಮರೆವಿನ ಕಾಯಿಲೆಗೂ ನಂಟಿರಬಹುದು.

ಮಾರನೆಯ ಬೆಳಗಿನಿಂದಲೇ ಪರೀಕ್ಷೆ ಶುರುವಾಯಿತು. ಅವನು ಹಲ್ಲುಜ್ಜುತ್ತಿದ್ದಾಗ ತನ್ನ ಚಿಕ್ಕಮ್ಮನಿಗೆ ಮಕ್ಕಳೆಷ್ಟು ಎಂದು ಕೇಳಿದಳು. ಬಾಯ್ತುಂಬ ನೊರೆ ಇದ್ದುದರಿಂದ ಅವನು ಏಳು ಬೆರಳು ತೋರಿಸಿದ. ಉತ್ತರ ಸರಿಯಿದ್ದರೂ ಅವಳಿಗೆ ಸಮಾಧಾನವಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದಾಗ ಅವನು ತಕರಾರೆತ್ತದೆ ಚಪ್ಪಲಿ ಮೆಟ್ಟಿದ್ದು ಕಂಡು ಭಯ ಇಮ್ಮಡಿಯಾಯಿತು.

ಹೆಂಡತಿ ಪತ್ರಿಕೆಯಲ್ಲಿ ಓದಿದ್ದನ್ನೆಲ್ಲ ಹೇಳಿದ ಮೇಲೆ ಡಾಕ್ಟರು ಅವನಿಗೆ ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದರು. ಅವನು ಮೂರನ್ನೂ ಒಪ್ಪಿಸಿದ್ದಲ್ಲದೆ, ಅವರ ಕುತ್ತಿಗೆ ಹದಿನೈದೂವರೆ ಇಂಚೆಂದೂ, ಎಡಭುಜ ಅರ್ಧ ಇಂಚು ಇಳಿದಿದೆಯೆಂದೂ, ಆ ಅಂಗಿ ಹೊಲಿದವನಿಗೆ ಕಣ್ಣಿರಲಿಲ್ಲವೆಂದೂ ಕೇಳದೆಯೇ ಹೇಳಿದ. ಡಾಕ್ಟರು ಎಡಭುಜ ಮುಟ್ಟಿ ನೋಡಿಕೊಂಡು, ಇವರಿಗೆ ಮರೆವಿನ ಲಕ್ಷಣವೇ ಇಲ್ಲ ಎಂದರು.

"ಆ ವೈರಾಣು ಗುಳ್ಳೆ ಏಳದೋರಲ್ಲೂ ಇರುತ್ತಾ ಡಾಕ್ಟ್ರೇ?" ಎಂದು ಅವನು ಕೇಳಿದ.

"ಬಹಳ ಜನರಲ್ಲಿ ಇರುತ್ತೆ. ಹಾಗಂತ ಎಲ್ರಿಗೂ ಮರೆವು ಬರಲ್ಲ. ಆ ನಂಟು ಎಷ್ಟು ನಿಜ ಅಂತ ಇನ್ನೂ ಹುಡುಕ್ತಾ ಇದ್ದಾರೆ."

ಮರೆವು ಮೊದಲು ಹೇಗೆ ಕಾಣಿಸಿಕೊಳ್ಳುತ್ತದೆ, ಮನೆಯವರು ಏನು ಮಾಡಬೇಕು ಎಂದು ಅವನು ಇನ್ನೂ ಏನೇನೋ ಕೇಳಿದ. ಜನ್ಮದಲ್ಲಿ ಒಂದು ಅಳತೆಯನ್ನೂ ಬರೆದಿಟ್ಟುಕೊಳ್ಳದವನು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡ. ಕೊನೆಗೂ ಗಂಡನಿಗೆ ತನ್ನ ಆರೋಗ್ಯದ ಮೇಲೆ ನಿಗಾ ಬಂತಲ್ಲ ಎಂದು ಹೆಂಡತಿ ಹಿಗ್ಗಿದಳು.

ಸಂಜೆ ಅವಳು ಕತ್ತರಿ ಹಿಡಿದು ಮೇಜಿನ ಮುಂದೆ ನಿಂತಳು. ಅವನು ಗೆರೆ ಎಳೆದಿಟ್ಟಿದ್ದ ಹೊಸ ಬಟ್ಟೆಯ ತೋಳುಗಳ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ 'ಎಡ', 'ಬಲ' ಎಂದು ಬರೆದಿತ್ತು. ಹಿಂದೆಂದೂ ಅವನು ಹೀಗೆ ಬರೆದವನಲ್ಲ. ಅವಳು ಗಂಡನ ಬಲಗೈ ಹೆಬ್ಬೆರಳನ್ನು ನೋಡಿದಳು. ಆ ಬೆರಳು ಬಿಗಿದುಕೊಂಡು, ಅವನು ಕತ್ತರಿ ಕೆಳಗಿಟ್ಟು, ಆರು ವರ್ಷವಾಗಿತ್ತು. ಅಂದಿನಿಂದ ಅಂಗಡಿಯ ಕತ್ತರಿ ಅವಳೊಬ್ಬಳದೇ.

"ರೀ," ಎಂದಳು ಮೆಲ್ಲಗೆ, "ವಕೀಲರ ಕೋಟಿನ ತೋಳನ್ನ ಆ ಬೆರಳಲ್ಲಿ ಹೇಗೆ ಕತ್ತರಿಸಿದ್ರಿ?"

ಅವನು ತಲೆಯೆತ್ತದೆ ಮಿಷಿನ್ ತುಳಿಯುತ್ತಲೇ ಇದ್ದ.

"ಮರೆತುಹೋಗಿದೆ ಕಣೆ."