ಕೋಣೆಯನ್ನು ಕೇಳುವ ಮೈಕು

"ರೀ, ಈಗ ಮಾತಾಡ್ಲಾ?" ಎಂದು ಹೆಂಡತಿ ಕೇಳಿದಾಗ ಗಿಟಾರಿನವನು ತುಟಿಯ ಮೇಲೆ ಬೆರಳಿಟ್ಟ. ಕೊನೆಯ ತಂತಿಯ ನಾದ ಪೂರ್ತಿ ಅಡಗುವ ತನಕ ಆ ಮಲಗುವ ಕೋಣೆಯಲ್ಲಿ ಯಾರೂ ಉಸಿರೆತ್ತುವ ಹಾಗಿಲ್ಲ. ಅಲ್ಲಿ ಎರಡು ಮೈಕುಗಳಿದ್ದವು. ಗಿಟಾರಿನ ಕತ್ತಿನ ಹತ್ತಿರದ್ದು ಗಿಟಾರನ್ನು ಕೇಳುತ್ತಿತ್ತು, ದೂರದ್ದು ಕೋಣೆಯನ್ನು ಕೇಳುತ್ತಿತ್ತು. ಅವಳನ್ನು ಕೇಳಲು ಮೂರನೆಯದೊಂದನ್ನು ಅವನು ತಂದಿರಲಿಲ್ಲ, ಅಷ್ಟೇ.

"ಹ್ಞಾಂ, ಬೇಗ ಹೇಳು."

"ಈ ಮನೇಲಿ ಕೆಮ್ಮೋದಕ್ಕೂ ನಿಮ್ಮ ಅಪ್ಪಣೆ ಬೇಕು. ನನ್ನ ಕೈಲಿ ಇನ್ನು ಆಗಲ್ಲ. ಅಕ್ಕನ ಮನೆಗೆ ಹೋಗ್ತೀನಿ. ಬೇಡ ಅಂತೀರಾ?"

"ಬೇಡ ಅಂತ ಯಾಕನ್ಲಿ? ನಾಲ್ಕು ದಿನ ಆರಾಮಾಗಿ ಇದ್ದು ಬಾ. ಸಂಜೆಯೊಳಗೆ ಈ ಟ್ಯೂನ್ ಕಳಿಸ್ಬೇಕು, ನನಗೂ ಮನೆ ತಣ್ಣಗಿರುತ್ತೆ."

ಅವನು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ನಿನ್ನೆ ನುಡಿಸಿದ್ದನ್ನು ಕೇಳತೊಡಗಿದ. ಬೆನ್ನ ಹಿಂದೆ ಅವಳು ಓಡಾಡುತ್ತಿದ್ದುದು ಗೊತ್ತಾಗುತ್ತಿತ್ತು, ತಿರುಗಿ ನೋಡಲಿಲ್ಲ. ಕಣ್ಣು ಬಿಟ್ಟಾಗ ಅವಳು ಹೊರಗೆ ನಿಂತು, ಚಿಲಕ ಟಕ್ಕೆನ್ನದ ಹಾಗೆ ಬೆರಳಲ್ಲಿ ಒತ್ತಿ ಹಿಡಿದು ಬಾಗಿಲು ಎಳೆದುಕೊಳ್ಳುತ್ತಿದ್ದಳು. ಅಂತೂ ಕಲಿತಳಲ್ಲ ಎಂದು ಅವನಿಗೆ ಖುಷಿಯಾಯಿತು.

ಮತ್ತೆ ನುಡಿಸಿದರೆ ಸದ್ದು ಬೇರೆಯಾಗಿತ್ತು. ಒಂದೊಂದು ಸ್ವರವೂ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಮೈಕನ್ನು ಗೇಣು ಸರಿಸಿದ, ಪರದೆ ಎಳೆದ, ಕುರ್ಚಿ ತಿರುಗಿಸಿ ಕೂತ, ತಂತಿಗಳನ್ನೇ ಬದಲಾಯಿಸಿದ. ಜಪ್ಪಯ್ಯ ಅಂದರೂ ಹೋಗಲಿಲ್ಲ. ಕೊನೆಗೆ ನಿನ್ನೆಯದನ್ನೂ ಇವತ್ತಿನದನ್ನೂ ಸ್ಟುಡಿಯೋದಲ್ಲಿ ಕೆಲಸ ಮಾಡುವ ಗೆಳೆಯನಿಗೆ ಕಳಿಸಿ ಫೋನ್ ಮಾಡಿದ. ಎಷ್ಟು ಸಣ್ಣ ಸದ್ದನ್ನೂ ಹಿಡಿದುಬಿಡುತ್ತಿದ್ದ ಆ ಗೆಳೆಯನನ್ನು ಎಲ್ಲರೂ ಕರೆಯುತ್ತಿದ್ದುದೇ 'ಹಾವಿನ ಕಿವಿ' ಎಂದು.

"ಮೈಕೂ ಸರಿ, ನಿನ್ನ ಕೈಯೂ ಸರಿ," ಎಂದ ಹಾವಿನ ಕಿವಿ. "ಕೋಣೆಯಿಂದ ಏನನ್ನ ಹೊರಗೆ ಹಾಕ್ದೆ?"

"ಏನೂ ಇಲ್ವಲ್ಲೋ. ಮಂಚ, ಹಾಸಿಗೆ, ಎಲ್ಲಾ ಇದ್ದಲ್ಲೇ ಇದೆ."

"ಬುರುಡೆ ಬಿಡಬೇಡ. ಇಷ್ಟು ದಿನ ಸದ್ದು ನುಂಗ್ಕೊಂಡು ಸುಮ್ಮನಿದ್ದದ್ದು ಏನೋ ಹೋಗಿದೆ. ಇದು ಎಕೋ ಅಲ್ಲ ಕಣೋ, ಕೋಣೆ ಬಿಕೋ ಅಂತಿದೆ."

ಅವನು ನಕ್ಕ. ಫೋನಿನ ಸ್ಪೀಕರ್ ಹಾಕಿ ಮಂಚದ ಮೇಲಿಟ್ಟು, ಗೋಡೆಗೋಡೆಯ ಮುಂದೆ ನಿಂತು ಚಪ್ಪಾಳೆ ತಟ್ಟುತ್ತಾ ಬಂದ. ಬೀರುವಿನ ಮುಂದೆ ಚಪ್ಪಾಳೆ ಎರಡಾಗಿ ಕೇಳಿಸಿತು. ಕಿರ್ರೆನ್ನುತ್ತದೆಂದು ಅದರ ಬಾಗಿಲನ್ನು ಯಾವಾಗಲೂ ತೆರೆದೇ ಇಡಬೇಕೆಂದು ಕಟ್ಟಪ್ಪಣೆ ಮಾಡಿದವನು ಅವನೇ. ಅಂಚಿನಿಂದ ಅಂಚಿಗೆ ತುಂಬಿರುತ್ತಿದ್ದ ಅವಳ ಬಟ್ಟೆಗಳಲ್ಲಿ ಒಂದು ಕರವಸ್ತ್ರವೂ ಉಳಿದಿರಲಿಲ್ಲ. ಕೈ ತಗಲಿ ಖಾಲಿ ಹ್ಯಾಂಗರುಗಳು ಒಂದಕ್ಕೊಂದು ತಾಗಿದವು.

"ಏನೋ ಅದು ಸದ್ದು? ಸಿಕ್ತಾ?"

"ಬೀರು... ಅವಳ ಬಟ್ಟೆ ಇಲ್ಲ."

"ಅಷ್ಟೇ ತಾನೇ?" ಎಂದ ಹಾವಿನ ಕಿವಿ. "ಎರಡು ಕಂಬಳಿ ನೇತುಹಾಕು. ನಿನ್ನೆ ಇದ್ದ ಹಾಗೇ ಕೇಳಿಸುತ್ತೆ."